ಕರೆಂಟ್ ಹೋದರೆ ವಿಮಾನದ ಇಂಜಿನ್ ನಿಲ್ಲುತ್ತಾ?

ಪ್ರಶ್ನೆ: ನನ್ನ ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ಹೋದ ತಿಂಗಳು ಸೆಸ್ನಾ 172 ವಿಮಾನದಲ್ಲಿ ಒಬ್ಬನೇ ಹೋಗಿದ್ದಾಗ ಅರ್ಧ ದಾರಿಯಲ್ಲಿ ಕೆಂಪು ದೀಪ ಹತ್ತಿತಂತೆ. ಸ್ವಲ್ಪ ಹೊತ್ತಿಗೆ ರೇಡಿಯೋನೂ ಸತ್ತುಹೋಯಿತಂತೆ. ಅವನು ಮುಂದಿನ ಊರಿಗೆ ಹೋಗದೆ ಹತ್ತಿರದ ಏರೋಡ್ರೋಮ್‌ನಲ್ಲಿ, ಫ್ಲಾಪ್ ಹಾಕದೆ ಇಳಿಸಿದ. ಟವರ್‌ನವರು ಹಸಿರು ದೀಪ ತೋರಿಸಿದರಂತೆ. ನನ್ನ ಭಾವಮೈದ ಟ್ರ್ಯಾಕ್ಟರ್ ಮೆಕ್ಯಾನಿಕ್. "ಇಂಜಿನ್ ಓಡ್ತಾ ಇತ್ತಲ್ಲ, ಹುಡುಗ ಹೆದರಿ ಇಳಿಸಿದ್ದಾನೆ ಅಷ್ಟೆ" ಅಂತ ನಗುತ್ತಾನೆ. ಇಂಜಿನ್ ಸರಿಯಾಗಿದ್ದ ಮೇಲೆ ಇಳಿಸಲೇಬೇಕಿತ್ತಾ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಅದೇ ವಿಮಾನದಲ್ಲಿ ಅವನು ಮತ್ತೆ ಹಾರಬಹುದಾ?
— ಹಾಸನದ ಒಬ್ಬ ಓದುಗರು

ಉತ್ತರ: ನಿಮ್ಮ ಭಾವಮೈದ ಹೇಳಿದ್ದರಲ್ಲಿ ಅರ್ಧ ಸರಿ. ಇಂಜಿನ್ ನಿಲ್ಲುತ್ತಿರಲಿಲ್ಲ. ಆದರೆ ಆ ಅರ್ಧವನ್ನೇ ನಂಬಿಕೊಂಡು ಮುಂದಕ್ಕೆ ಹೋಗಿ ಕೆಟ್ಟವರಿದ್ದಾರೆ. ಮೊದಲು ಅವರ ಅರ್ಧ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಮಗನ ಅರ್ಧ. ಇನ್ನೊಂದು ಮಾತು: ನಾನು ಪೈಲಟ್ ಅಲ್ಲ. ಸಣ್ಣ ವಿಮಾನಗಳ ಕೌಲಿಂಗ್, ಅಂದರೆ ಇಂಜಿನ್ ಮುಚ್ಚಳ ಬಿಚ್ಚಿ, ವೈರು, ಟರ್ಮಿನಲ್ಲು ಹಿಡಿದುಕೊಂಡೇ ಸಂಬಳ ತೆಗೆದುಕೊಂಡ ಮೆಂಟೆನೆನ್ಸ್ ಇಂಜಿನಿಯರ್. ಹಾಗಾಗಿ ನನ್ನ ಕಣ್ಣು ಯಾವಾಗಲೂ ಡ್ಯಾಶ್‌ಬೋರ್ಡಿನ ಹಿಂಭಾಗಕ್ಕೇ ಹೋಗುತ್ತದೆ.

ಲೂನಾ ಓಡಿಸಿದವರಿಗೆ ಈ ಇಂಜಿನ್ ವಿಷಯ ಬೇಗ ಅರ್ಥವಾಗುತ್ತದೆ. ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ಪೆಡಲ್ ತುಳಿದರೆ ಒಳಗಿನ ಮ್ಯಾಗ್ನೆಟ್ ತಿರುಗಿ ತಾನೇ ಕಿಡಿ ಹುಟ್ಟಿಸುತ್ತಿತ್ತು. ಸೆಸ್ನಾ 172ರ ಪೆಟ್ರೋಲ್ ಇಂಜಿನ್ನಿನಲ್ಲೂ ಅದೇ ತತ್ವ. ಇಂಜಿನ್ ತಿರುಗುತ್ತಿದ್ದರೆ ಅದಕ್ಕೆ ಸಿಕ್ಕಿಸಿದ ಮ್ಯಾಗ್ನೆಟೋ ತಿರುಗುತ್ತದೆ. ಮ್ಯಾಗ್ನೆಟೋ ತಿರುಗಿದರೆ ಕಿಡಿ ಬರುತ್ತದೆ. ಬ್ಯಾಟರಿಯ ಹಂಗಿಲ್ಲ. ಅದೂ ಒಂದಲ್ಲ, ಎರಡು ಮ್ಯಾಗ್ನೆಟೋ. ನಾಲ್ಕು ಸಿಲಿಂಡರಿಗೆ ಎಂಟು ಸ್ಪಾರ್ಕ್ ಪ್ಲಗ್. ಒಂದು ಮ್ಯಾಗ್ನೆಟೋ ಸತ್ತರೂ ಇನ್ನೊಂದು ಓಡಿಸುತ್ತದೆ. ನಿಮ್ಮ ಮಗ ಪ್ರತಿ ಸಲ ಟೇಕಾಫ್‌ಗೆ ಮುಂಚೆ ಇಂಜಿನ್ನನ್ನು ಸುಮಾರು 1800 ಆರ್‌ಪಿಎಂಗೆ ಏರಿಸಿ, ಒಂದೊಂದೇ ಮ್ಯಾಗ್ನೆಟೋ ಮೇಲೆ ಓಡಿಸಿ, ವೇಗ ಎಷ್ಟು ಇಳಿಯುತ್ತದೆ ಅಂತ ನೋಡುತ್ತಾನಲ್ಲ, ಅದು ಇದಕ್ಕೇ.

ಇಲ್ಲಿ ಒಂದು ತಮಾಷೆ ಇದೆ. ಮ್ಯಾಗ್ನೆಟೋ ಸ್ವಿಚ್ಚಿನ ಕೆಲಸ ಕರೆಂಟ್ ಕೊಡುವುದಲ್ಲ, ಕಿಡಿ ಕೊಲ್ಲುವುದು. ಆಫ್ ಮಾಡಿದಾಗ ಒಂದು ತಂತಿ ಮ್ಯಾಗ್ನೆಟೋವನ್ನು ಅರ್ಥ್ ಮಾಡುತ್ತದೆ, ಕಿಡಿ ನಿಲ್ಲುತ್ತದೆ. ಆ ತಂತಿಯೇ ಕಿತ್ತು ಹೋದರೆ? ಇಂಜಿನ್ ನಿಲ್ಲುವುದಿಲ್ಲ, ಬದಲಿಗೆ ಆಫ್ ಮಾಡಿದರೂ ಮ್ಯಾಗ್ನೆಟೋ ಜೀವಂತವಾಗಿರುತ್ತದೆ. ಗಾಳಿಯಲ್ಲಿ ಇದು ಒಳ್ಳೆಯದು. ನೆಲದ ಮೇಲೆ ಬಲು ಕೆಟ್ಟದ್ದು. ಕೀ ಜೇಬಲ್ಲಿದೆ ಅಂತ ಪ್ರೊಪೆಲ್ಲರ್ ಹಿಡಿದು ತಿರುಗಿಸಿದವರ ಕೈ ಹೋಗಿದ್ದಿದೆ. ನಿಮ್ಮ ಮಗ ಫೋಟೋಗೆ ನಿಲ್ಲುವಾಗಲೂ ಪ್ರೊಪೆಲ್ಲರಿಗೆ ಕೈ ಊರದೆ ಇರಲಿ.

ಪೆಟ್ರೋಲ್ ಕಥೆಯೂ ಸುಲಭ. 172ರಲ್ಲಿ ಟ್ಯಾಂಕ್ ರೆಕ್ಕೆಯಲ್ಲಿದೆ, ರೆಕ್ಕೆ ತಲೆ ಮೇಲಿದೆ. ಹಳೆಯ ಕಾರ್ಬುರೇಟರ್ ಮಾದರಿಗಳಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ನಲ್ಲಿಗೆ ನೀರು ಬಂದ ಹಾಗೆ ತಾನಾಗಿಯೇ ಇಳಿದು ಬರುತ್ತದೆ. ಹೊಸ ಇಂಜೆಕ್ಷನ್ ಮಾದರಿಗಳಲ್ಲಿ ಇಂಜಿನ್ನೇ ತಿರುಗಿಸುವ ಪಂಪ್ ಇದೆ. ಕರೆಂಟ್ ಪಂಪ್ ಇರುವುದು ಸ್ಟಾರ್ಟ್ ಮಾಡಲಿಕ್ಕೆ ಮತ್ತು ಆಪತ್ತಿಗೆ.

ಇಷ್ಟು ನಿಮ್ಮ ಭಾವಮೈದನ ಪಾಲಿಗೆ. ಅವರಿಗೆ ನನ್ನ ನಮಸ್ಕಾರ ಹೇಳಿ.

ಇನ್ನು ಕೆಂಪು ದೀಪ. ಮನೆಯಲ್ಲಿ ಯುಪಿಎಸ್ ಇದ್ದವರಿಗೆ ಒಂದು ಅನುಭವ ಇದ್ದೇ ಇರುತ್ತದೆ. ಕರೆಂಟ್ ಹೋಗಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ. ಫ್ಯಾನ್ ತಿರುಗುತ್ತಿದೆ, ಟಿವಿ ಓಡುತ್ತಿದೆ. ಬೀಪ್ ಬೀಪ್ ಅಂದಾಗಲೇ "ಅಯ್ಯೋ, ಯಾವಾಗ ಹೋಯ್ತು?" ಅನ್ನುತ್ತೇವೆ. ಸಣ್ಣ ವಿಮಾನದಲ್ಲಿ ಆಲ್ಟರ್ನೇಟರ್, ಅಂದರೆ ಇಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಯಂತ್ರ, ಕೆಡುವುದು ಥೇಟ್ ಹೀಗೇ. ಧಡ್ ಅಂತ ಏನೂ ಆಗುವುದಿಲ್ಲ. ಇಂಜಿನ್ ಶಬ್ದ ಬದಲಾಗುವುದಿಲ್ಲ. ರೇಡಿಯೋ ಮಾತಾಡುತ್ತಲೇ ಇರುತ್ತದೆ. ಮೇನ್ಸ್ ಹೋಗಿ ಬ್ಯಾಟರಿ ಮೇಲೆ ಬಂದಿದ್ದೀರಿ, ಅಷ್ಟೆ.

24 ವೋಲ್ಟ್ ಬ್ಯಾಟರಿಯ 172ರಲ್ಲಿ ಆಲ್ಟರ್ನೇಟರ್ ಚೆನ್ನಾಗಿದ್ದರೆ ಸುಮಾರು 28 ವೋಲ್ಟ್ ಇರುತ್ತದೆ. ವೋಲ್ಟೇಜ್ 24.5ಕ್ಕಿಂತ ಕೆಳಗಿಳಿದರೆ ಆ ಕೆಂಪು ದೀಪ ಹತ್ತುತ್ತದೆ. ಅದರ ಪಕ್ಕದಲ್ಲೇ ಒಂದು ಆಮ್ಮೀಟರ್. ಬ್ಯಾಟರಿಗೆ ಕರೆಂಟ್ ಹೋಗುತ್ತಿದ್ದರೆ ಮುಳ್ಳು ಪ್ಲಸ್ ಕಡೆ, ಬ್ಯಾಟರಿಯಿಂದ ಬರುತ್ತಿದ್ದರೆ ಮೈನಸ್ ಕಡೆ. ದೀಪಕ್ಕಿಂತ ಮುಂಚೆ ಈ ಮುಳ್ಳೇ ಹೇಳುತ್ತದೆ. ಆದರೆ ಅದನ್ನು ನೋಡುವವರು ಕಡಿಮೆ.

ದೀಪದ್ದೂ ಒಂದು ತೊಂದರೆ ಇದೆ. ನೆಲದ ಮೇಲೆ ನಿಧಾನವಾಗಿ ಟ್ಯಾಕ್ಸಿ ಮಾಡುವಾಗ ಇಂಜಿನ್ ವೇಗ ಸಾಲದೆ ಈ ದೀಪ ಒಮ್ಮೊಮ್ಮೆ ಹತ್ತುತ್ತದೆ, ಥ್ರಾಟಲ್ ಕೊಟ್ಟರೆ ಆರುತ್ತದೆ. ಅದು ದೋಷವಲ್ಲ, ಪುಸ್ತಕದಲ್ಲೇ ಬರೆದಿದೆ. ಆದರೆ ದಿನಾ ಇದನ್ನು ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ. ಗಾಳಿಯಲ್ಲಿ ಹತ್ತಿದಾಗಲೂ "ಇದು ಹೀಗೇ ಬಿಡು" ಅನ್ನಿಸುತ್ತದೆ. ನಿಮ್ಮ ಮಗನಿಗೆ ಹಾಗನ್ನಿಸಲಿಲ್ಲ. ಅಲ್ಲಿಗೇ ಅವನು ಅರ್ಧ ಗೆದ್ದ.

ದೀಪ ಹತ್ತಿದಾಗ ಮಾಡಬೇಕಾದದ್ದು ಜಾಸ್ತಿ ಇಲ್ಲ. ರೇಡಿಯೋಗಳನ್ನು ಆಫ್ ಮಾಡಿ, ಆಲ್ಟರ್ನೇಟರಿನ ಸರ್ಕ್ಯೂಟ್ ಬ್ರೇಕರ್, ಅಂದರೆ ಫ್ಯೂಸಿನ ಕೆಲಸ ಮಾಡುವ ಗುಂಡಿ, ಒಳಗಿದೆಯಾ ನೋಡಿ, ಇಡೀ ವಿಮಾನದ ಕರೆಂಟಿನ ಮಾಸ್ಟರ್ ಸ್ವಿಚ್ಚನ್ನು ಒಂದು ಸಲ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಒಂದು ಕ್ಷಣ ವೋಲ್ಟೇಜ್ ಜಾಸ್ತಿಯಾಗಿ ಆಲ್ಟರ್ನೇಟರ್ ತನ್ನನ್ನು ತಾನೇ ಕಳಚಿಕೊಂಡಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ದೀಪ ಮತ್ತೆ ಹತ್ತಿದರೆ ಆಲ್ಟರ್ನೇಟರ್ ಕಥೆ ಮುಗಿಯಿತು ಅಂತ ಲೆಕ್ಕ. ಮಾಸ್ಟರ್ ಸ್ವಿಚ್ಚಿನಲ್ಲಿ ಬ್ಯಾಟರಿಗೆ ಒಂದು ಅರ್ಧ, ಆಲ್ಟರ್ನೇಟರಿಗೆ ಒಂದು ಅರ್ಧ ಇದೆ. ಆಗ ಆಲ್ಟರ್ನೇಟರ್ ಅರ್ಧವನ್ನು ಆಫ್ ಮಾಡಬೇಕು. ಕೆಟ್ಟಿದ್ದನ್ನು ಆಫ್ ಮಾಡಿ ಏನು ಪ್ರಯೋಜನ ಅಂತ ಹುಡುಗರು ಕೇಳುತ್ತಾರೆ. ಪ್ರಯೋಜನ ಇದೆ. ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಬೇಕಾದರೆ ಅದರ ಫೀಲ್ಡ್ ಸುರುಳಿಗೆ ಮೊದಲು ನಾವು ಸ್ವಲ್ಪ ಕರೆಂಟ್ ಕೊಡಬೇಕು, ಪಂಪಿಗೆ ಪ್ರೈಮಿಂಗ್ ನೀರು ಹಾಕಿದ ಹಾಗೆ. ಆಲ್ಟರ್ನೇಟರ್ ದುಡಿಯದಿದ್ದರೂ ಆ ಸುರುಳಿ ಎರಡು ಮೂರು ಆಂಪಿಯರ್ ತಿನ್ನುತ್ತಲೇ ಇರಬಹುದು. ದುಡಿಯದವನಿಗೆ ಊಟ ಯಾಕೆ, ಅಲ್ವಾ?

ಈ ಪ್ರೈಮಿಂಗ್ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಜರ್ಮನಿಯ ಒಂದು ಘಟನೆ ಹೇಳುವಾಗ ಬೇಕಾಗುತ್ತದೆ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿದ್ದೀರಿ. ಲೆಕ್ಕಕ್ಕೆ 10 ಆಂಪಿಯರ್ ಅವರ್ ಬ್ಯಾಟರಿ ಅಂದುಕೊಳ್ಳೋಣ. ದೀಪ, ರೇಡಿಯೋ, ರಡಾರಿಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ವೇಗ ಅಳೆಯುವ ಕೊಳವೆಯನ್ನು ಬಿಸಿ ಇಡುವ ಪಿಟೋಟ್ ಹೀಟರ್ ಎಲ್ಲ ಸೇರಿ 20 ಆಂಪಿಯರ್ ಎಳೆದರೆ ಅರ್ಧ ಗಂಟೆ. ಬೇಡದ್ದೆಲ್ಲ ಆಫ್ ಮಾಡಿ 5 ಆಂಪಿಯರಿಗೆ ಇಳಿಸಿದರೆ ಎರಡು ಗಂಟೆ. ಇದು ಕಾಗದದ ಮೇಲೆ. ಬ್ಯಾಟರಿ ಹಳೆಯದಾದರೆ ಅಷ್ಟು ಸಿಗುವುದಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗೂ ರೇಡಿಯೋ ಕಾಯುವುದಿಲ್ಲ, ವೋಲ್ಟೇಜ್ ಒಂದು ಮಟ್ಟಕ್ಕೆ ಇಳಿದ ಕೂಡಲೇ ಕೈಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೀಪ ಕಣ್ಣಿಗೆ ಬೀಳುವ ಮುಂಚೆ ಎಷ್ಟು ಹೊತ್ತು ಬ್ಯಾಟರಿ ಮೇಲೆ ಓಡಿದ್ದೀರಿ ಅನ್ನುವುದು ಯಾರಿಗೂ ಗೊತ್ತಿಲ್ಲ. ಅಷ್ಟನ್ನೂ ಆ ಅರ್ಧ ಗಂಟೆಯಿಂದ ಕಳೆಯಬೇಕು.

ಇನ್ನೊಂದು ಸೂಕ್ಷ್ಮ. ರೇಡಿಯೋ ಕೇಳಿಸಿಕೊಳ್ಳುವಾಗ ತಿನ್ನುವುದು ಕಡಿಮೆ, ನಾವು ಗುಂಡಿ ಒತ್ತಿ ಮಾತಾಡುವಾಗ ಜಾಸ್ತಿ. ಸೊರಗಿದ ಬ್ಯಾಟರಿ ಇರುವಾಗ ಗುಂಡಿ ಒತ್ತಿದ ತಕ್ಷಣ ರೇಡಿಯೋ ಆರಿಹೋಗುವುದುಂಟು. ಅದಕ್ಕೇ ಜೀವ ಇರುವಾಗಲೇ, ಒಂದೇ ಮಾತಿನಲ್ಲಿ ಹೇಳಿಬಿಡಬೇಕು: ನಾನು ಇಂಥವನು, ಆಲ್ಟರ್ನೇಟರ್ ಹೋಗಿದೆ, ಇಂಥಲ್ಲಿ ಇಳಿಯಲು ಬರುತ್ತಿದ್ದೇನೆ, ರೇಡಿಯೋ ಹೋಗಬಹುದು. ಇಷ್ಟು ಟವರಿಗೆ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಬರುವವನಿಗೆ ದಾರಿ ಬಿಟ್ಟು, ದೀಪದ ಗನ್ ಕೈಯಲ್ಲಿ ಹಿಡಿದು ಕಾಯುತ್ತಾರೆ. ರೇಡಿಯೋ ಕೆಟ್ಟಿದೆ ಅಂತ ರಡಾರಿನವರಿಗೆ ಹೇಳಲು ಟ್ರಾನ್ಸ್‌ಪಾಂಡರಿನಲ್ಲಿ 7600 ಅನ್ನುವ ಸಂಖ್ಯೆ ಹಾಕುತ್ತಾರೆ. ಆದರೆ ಅದಕ್ಕೂ ಕರೆಂಟ್ ಬೇಕಲ್ಲ. ಕರೆಂಟ್ ಪೂರ್ತಿ ಹೋದ ಮೇಲೆ 7600 ಹಾಕಿದರೆ ಯಾರಿಗೂ ಕಾಣುವುದಿಲ್ಲ.

ಗನ್ ಅಂದರೆ ಗಾಬರಿ ಬೇಡ. ಟವರಿನಿಂದ ವಿಮಾನಕ್ಕೆ ಗುರಿ ಇಟ್ಟು ಬಿಡುವ ಬಣ್ಣದ ಬೆಳಕು ಅದು. ಬಿಡದೆ ಉರಿಯುವ ಹಸಿರು ಕಂಡರೆ ಇಳಿಯಬಹುದು. ಬಿಡದೆ ಉರಿಯುವ ಕೆಂಪು ಕಂಡರೆ ಇನ್ನೊಬ್ಬನಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಮಿನುಗುವ ಕೆಂಪು ಅಂದರೆ ಇಲ್ಲಿ ಇಳಿಯಬೇಡ, ಜಾಗ ಸರಿಯಿಲ್ಲ. ಹಗಲಲ್ಲಿ ಪೈಲಟ್ ರೆಕ್ಕೆ ಆಚೀಚೆ ಅಲ್ಲಾಡಿಸಿ "ನೋಡಿದೆ" ಅನ್ನುತ್ತಾನೆ. ರೇಡಿಯೋ ಬರುವ ಮುಂಚಿನ ಕಾಲದ ಭಾಷೆ ಇದು. ಇವತ್ತಿಗೂ ಪರೀಕ್ಷೆಯಲ್ಲಿ ಕೇಳುತ್ತಾರೆ, ಹುಡುಗರು ಸುಮ್ನೆ ಬಾಯಿಪಾಠ ಮಾಡುತ್ತಾರೆ. ನಿಮ್ಮ ಮಗನಿಗೆ ಅದು ನಿಜವಾಗಿ ಕೆಲಸಕ್ಕೆ ಬಂತು.

ಈಗ ಫ್ಲಾಪ್. ಇದರಲ್ಲೇ ನನಗೆ ನಿಮ್ಮ ಮಗನ ಮೇಲೆ ಗೌರವ ಬಂದಿದ್ದು. ಫ್ಲಾಪ್ ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಹಲಗೆ. ಇಳಿಸಿದರೆ ನಿಧಾನವಾಗಿ ಬರಬಹುದು, ಚಿಕ್ಕ ಜಾಗದಲ್ಲಿ ನಿಲ್ಲಿಸಬಹುದು. 172ರಲ್ಲಿ ಅದನ್ನು ಇಳಿಸುವುದು ಕರೆಂಟ್ ಮೋಟರ್. ಬ್ಯಾಟರಿಯಲ್ಲಿ ಇನ್ನೊಂಚೂರು ಜೀವ ಇದೆ, ಅದರಲ್ಲೇ ಫ್ಲಾಪ್ ಇಳಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಮುಂದೇನು ಯೋಚಿಸಿ. ಫ್ಲಾಪ್ ಪೂರ್ತಿ ಇಳಿಯಿತು, ಅದರ ಜೊತೆಗೇ ಬ್ಯಾಟರಿ ಸತ್ತಿತು. ರನ್‌ವೇ ಹತ್ತಿರ ಬಂದಾಗ ಯಾವುದೋ ದನ ಅಡ್ಡ ಬಂತು, ಮತ್ತೆ ಮೇಲೇರಬೇಕು. ಈಗ ಫ್ಲಾಪ್ ಮೇಲಕ್ಕೆ ಬರುವುದಿಲ್ಲ. ಪೂರ್ತಿ ಫ್ಲಾಪ್ ನೇತುಹಾಕಿಕೊಂಡು 172 ಏರುವುದು ಅಷ್ಟಕ್ಕಷ್ಟೇ, ಬಿಸಿಲಿನ ಮಧ್ಯಾಹ್ನದಲ್ಲಂತೂ ಕೇಳಲೇಬೇಡಿ. ಫ್ಲಾಪ್ ಮುಟ್ಟದೆ ಇಳಿಸಿದರೆ ಈ ತಲೆನೋವೇ ಇಲ್ಲ. ಸ್ವಲ್ಪ ವೇಗ ಜಾಸ್ತಿ ಬೇಕು. 172ಎಸ್ ಮಾದರಿಯಲ್ಲಿ ಪೂರ್ತಿ ಫ್ಲಾಪ್ ಹಾಕಿದರೆ 60ರಿಂದ 70 ನಾಟ್, ಹಾಕದಿದ್ದರೆ 65ರಿಂದ 75. ನೆಲದ ಹತ್ತಿರ ಸ್ವಲ್ಪ ತೇಲುತ್ತದೆ, ರನ್‌ವೇ ಜಾಸ್ತಿ ತಿನ್ನುತ್ತದೆ. ಏರೋಡ್ರೋಮಿನ ರನ್‌ವೇಗೆ ಅದೊಂದು ಲೆಕ್ಕವೇ ಅಲ್ಲ.

ಕರೆಂಟ್ ಪೂರ್ತಿ ಹೋದ ಮೇಲೆ ಹಳೆಯ 172ರಲ್ಲಿ ಏನೇನು ಉಳಿಯುತ್ತದೆ ಗೊತ್ತಾ? ವೇಗ ತೋರಿಸುವ ಮೀಟರ್, ಎತ್ತರ ತೋರಿಸುವ ಆಲ್ಟಿಮೀಟರ್, ದಿಕ್ಸೂಚಿ. ಇವಕ್ಕೆ ಬೇಕಾದ್ದು ಗಾಳಿಯ ಒತ್ತಡ ಮತ್ತು ಭೂಮಿಯ ಅಯಸ್ಕಾಂತ, ಅಷ್ಟೆ. ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುಂಚೆ ಕೂಗುವ ಹಾರ್ನ್ ಕೂಡ ಉಳಿಯುತ್ತದೆ. ಅದು ಪೀಪಿಯ ಹಾಗೆ, ರೆಕ್ಕೆಯ ಅಂಚಿನ ತೂತಿನಲ್ಲಿ ಗಾಳಿ ಎಳೆದಾಗ ಒಳಗಿನ ನಾಲಗೆ ನಡುಗಿ ಕೂಗುತ್ತದೆ. ಪೆಟ್ರೋಲ್ ಮೀಟರ್ ಮಾತ್ರ ಕರೆಂಟಿನದು. ಕರೆಂಟ್ ಹೋದ ಕೂಡಲೇ ಅದರ ಮುಳ್ಳು ಕೆಳಗೆ ಬಿದ್ದು "ಟ್ಯಾಂಕ್ ಖಾಲಿ" ಅನ್ನುತ್ತದೆ. ಗೊತ್ತಿಲ್ಲದವನ ಎದೆ ಅಲ್ಲೇ ಧಸಕ್ಕೆನ್ನುತ್ತದೆ. ಹೊರಡುವ ಮುಂಚೆ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ್ದೇನೆ, ಇಷ್ಟು ಹೊತ್ತಿನ ಪೆಟ್ರೋಲ್ ಇದೆ ಅಂತ ಗಡಿಯಾರ ನೋಡಿ ಹೇಳಬಲ್ಲವನಿಗೆ ಭಯ ಇಲ್ಲ.

ಹಾಗಾದರೆ ಇಂಜಿನ್ ಓಡುತ್ತಿದೆ, ವೇಗ ಎತ್ತರ ಕಾಣುತ್ತಿದೆ, ಪೆಟ್ರೋಲ್ ಇದೆ. ಮುಂದಿನ ಊರಿಗೇ ಹೋಗಬಹುದಿತ್ತಲ್ಲ? ನಿಮ್ಮ ಭಾವಮೈದನ ನಿಜವಾದ ಪ್ರಶ್ನೆ ಇದು. ವಿಮಾನದ ಪುಸ್ತಕದಲ್ಲಿ ಇಳಿಯಿರಿ ಅನ್ನುವುದಕ್ಕೆ ಎರಡು ಬೇರೆ ಮಾತುಗಳಿವೆ. ಬೆಂಕಿ, ಹೊಗೆ ಇಂಥದ್ದಕ್ಕೆ ತಕ್ಷಣ ಇಳಿ ಅನ್ನುತ್ತದೆ, ಹೊಲವಾದರೂ ಸರಿ. ಆಲ್ಟರ್ನೇಟರ್ ಹೋದರೆ ಅನುಕೂಲ ನೋಡಿಕೊಂಡು ಬೇಗ ಇಳಿ ಅನ್ನುತ್ತದೆ. ಅಂದರೆ ಹೊಲಕ್ಕೆ ಇಳಿಸಬೇಡ, ಒಳ್ಳೆಯ ರನ್‌ವೇ ಹುಡುಕು. ಹಾಗಂತ ಮನೆಯವರೆಗೂ ಎಳೆಯಲೂ ಬೇಡ. ಈ ಎರಡನೇ ಮಾತನ್ನು ಜನ ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಾರೆ.

ಹಾಗೆ ಓದಿಕೊಂಡವರ ಒಂದು ಕಥೆ ಅಮೆರಿಕದ ಇಲಿನಾಯ್‌ನದು. ಅದು ಸಣ್ಣ ವಿಮಾನವಲ್ಲ, ಹಾಕರ್ ಸಿಡ್ಲಿ 748. ನಮ್ಮವರಿಗೆ ಅದು ಆವ್ರೋ ಅಂದರೆ ಗೊತ್ತಾಗುತ್ತದೆ, ಎಚ್‌ಎಎಲ್‌ನವರು ಕಾನ್ಪುರದಲ್ಲಿ ಕಟ್ಟುತ್ತಿದ್ದರು. 1983ರ ಅಕ್ಟೋಬರ್ 11ರ ರಾತ್ರಿ ಏರ್ ಇಲಿನಾಯ್ ಕಂಪನಿಯ ಅಂಥ ಒಂದು ವಿಮಾನ ಸ್ಪ್ರಿಂಗ್‌ಫೀಲ್ಡಿನಿಂದ ಕಾರ್ಬನ್‌ಡೇಲ್‌ಗೆ ಹೊರಟಿತು. ಏರಿದ ಸ್ವಲ್ಪ ಹೊತ್ತಿಗೇ ಎಡ ಜನರೇಟರ್ ಕೆಟ್ಟಿತು. ಗಡಿಬಿಡಿಯಲ್ಲಿ ಚೆನ್ನಾಗಿದ್ದ ಬಲ ಜನರೇಟರನ್ನು ಕಳಚಿದರು. ಅದು ಮತ್ತೆ ಸೇರಲಿಲ್ಲ. ಹೊರಟ ಊರು ಬೆನ್ನ ಹಿಂದೆಯೇ ಇತ್ತು. ಕ್ಯಾಪ್ಟನ್ ಬ್ಯಾಟರಿ ನಂಬಿಕೊಂಡು ಮುಂದಕ್ಕೆ ಹೋದರು. ರಾತ್ರಿ, ಮೋಡ. ಬ್ಯಾಟರಿ ಕುಗ್ಗುತ್ತಾ ಬಂತು, ಮೋಡದೊಳಗೆ ಯಾವುದು ಮೇಲೆ ಯಾವುದು ಕೆಳಗೆ ಅಂತ ತೋರಿಸುವ ಉಪಕರಣಗಳು ಸತ್ತವು. ಹೊರಟ ಸುಮಾರು ಅರ್ಧ ಗಂಟೆಗೆ ಪಿಂಕ್ನಿವಿಲ್ ಹತ್ತಿರ ನೆಲಕ್ಕೆ ಬಿತ್ತು. ಹತ್ತು ಜನರಿದ್ದರು, ಒಬ್ಬರೂ ಉಳಿಯಲಿಲ್ಲ. ಇಂಜಿನ್ನುಗಳಿಗೆ ಏನೂ ಆಗಿರಲಿಲ್ಲ. ವಾಪಸ್ ಹೋಗದೆ ಮುಂದುವರಿದದ್ದನ್ನೇ ತನಿಖೆ ಮುಖ್ಯ ಕಾರಣವಾಗಿ ಎತ್ತಿ ಹೇಳಿತು.

ಹಗಲಲ್ಲಿ, ನೆಲ ಕಾಣುವಾಗ ಹಾರುವ ವಿದ್ಯಾರ್ಥಿಗೆ ಅಷ್ಟು ಅಪಾಯ ಇಲ್ಲ, ನಿಜ. ಆದರೆ ಮುಂದಿನ ಊರಿನಲ್ಲಿ ಮೋಡ ಇದ್ದರೆ? ಅಲ್ಲಿ ದೊಡ್ಡ ವಿಮಾನಗಳು ಸಾಲಾಗಿ ಇಳಿಯುತ್ತಿದ್ದರೆ, ಇವನು ರೇಡಿಯೋ ಇಲ್ಲದೆ ಹೋಗಿ ನಡುವೆ ನುಸುಳಬೇಕಾದರೆ? ರೇಡಿಯೋ ಹೋದರೂ ಉಳಿದದ್ದೆಲ್ಲ ಕೈಯಲ್ಲಿರುವಾಗಲೇ ನಿಮ್ಮ ಮಗ ಇಳಿಸಿದ. ಹೆದರಿದವನು ಹಾಗೆ ಮಾಡುವುದಿಲ್ಲ. ಹೆದರಿದವನು ಮನೆ ಕಡೆ ಓಡುತ್ತಾನೆ.

ಇಷ್ಟೂ ಹೇಳಿದ್ದು ಮ್ಯಾಗ್ನೆಟೋ ಇರುವ ಇಂಜಿನ್ನಿಗೆ. ನಿಮ್ಮ ಮಗ ಮುಂದೆ ಎರಡು ಇಂಜಿನ್ನಿನ ತರಬೇತಿಗೆ ಹೋದಾಗ ಡೈಮಂಡ್ ಡಿಎ 42 ಸಿಗುವ ಸಾಧ್ಯತೆ ಇದೆ, ನಮ್ಮ ದೇಶದ ಶಾಲೆಗಳಲ್ಲೂ ಅದು ಇದೆ. ಅದರದು ಡೀಸೆಲ್ ಇಂಜಿನ್. ನಿಮ್ಮ ಭಾವಮೈದ ಹೇಳುತ್ತಾರೆ, ಡೀಸೆಲ್ಲಿಗೆ ಕಿಡಿಯೇ ಬೇಡ, ಇನ್ನೂ ಒಳ್ಳೆಯದಾಯಿತಲ್ಲ ಅಂತ. ಹಳೆಯ ಟ್ರ್ಯಾಕ್ಟರಿನ ಡೀಸೆಲ್ ಆಗಿದ್ದರೆ ಹೌದು, ಬ್ಯಾಟರಿ ಕಿತ್ತು ಬಿಸಾಡಿದರೂ ಓಡುತ್ತದೆ. ಇದು ಕಂಪ್ಯೂಟರ್ ಡೀಸೆಲ್. ಎಷ್ಟು ಇಂಧನ, ಯಾವಾಗ, ಪ್ರೊಪೆಲ್ಲರ್ ಅಲಗಿನ ಕೋನ ಎಷ್ಟು, ಎಲ್ಲ ನಿರ್ಧಾರ ಒಂದು ಪೆಟ್ಟಿಗೆಯದು. ಪೆಟ್ಟಿಗೆಗೆ ಕರೆಂಟ್ ಬೇಕು.

2007ರ ಮಾರ್ಚ್ 4. ಜರ್ಮನಿಯ ಶ್ಪೈಯರ್ ಅನ್ನುವ ಊರಿನ ಏರ್‌ಫೀಲ್ಡ್. ಒಂದು ಡಿಎ 42 ನಿಂತಿತ್ತು, ಬ್ಯಾಟರಿ ಇಳಿದುಹೋಗಿತ್ತು. ಹೊರಗಿನಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿದರು, ನಾವು ಪಕ್ಕದ ಮನೆಯ ಕಾರಿನಿಂದ ಕೇಬಲ್ ಹಾಕುವ ಹಾಗೆ. ಅದರಲ್ಲಿದ್ದದ್ದು ಟೀಲರ್ಟ್ ಕಂಪನಿಯ ಸೆಂಚುರಿಯನ್ ಇಂಜಿನ್, ಮೂಲದಲ್ಲಿ ಮರ್ಸಿಡಿಸ್ ಕಾರಿನ ಡೀಸೆಲ್. ಎರಡೂ ಇಂಜಿನ್ ಹತ್ತಿದವು, ಆಲ್ಟರ್ನೇಟರ್‌ಗಳು ದುಡಿಯತೊಡಗಿದವು. ನೋಡಿದರೆ ಎಲ್ಲ ಸರಿ. ಆದರೆ ಬ್ಯಾಟರಿ ಇನ್ನೂ ಸೊರಗಿಯೇ ಇತ್ತು.

ಬ್ಯಾಟರಿಯ ಕೆಲಸ ಸ್ಟಾರ್ಟ್ ಮಾಡುವುದಷ್ಟೇ ಅಂದುಕೊಳ್ಳುತ್ತೇವೆ. ಅದಕ್ಕೆ ಇನ್ನೊಂದು ಕೆಲಸ ಇದೆ. ದೊಡ್ಡ ಮೋಟರ್ ಒಂದು ಥಟ್ಟನೆ ಶುರುವಾದಾಗ ಆಲ್ಟರ್ನೇಟರ್ ಸುಧಾರಿಸಿಕೊಳ್ಳುವ ಮುಂಚೆ ಆ ಎಳೆತಕ್ಕೆ ಹೆಗಲು ಕೊಡುವುದು. ಹಳ್ಳಿಯಲ್ಲಿ ಪಕ್ಕದ ತೋಟದ ಮೋಟರ್ ಹಾಕಿದಾಗ ಮನೆಯ ಬಲ್ಬ್ ಒಮ್ಮೆ ಮಂಕಾಗುತ್ತದಲ್ಲ, ಅದನ್ನು ತಡೆಯುವುದು. ಶ್ಪೈಯರಿನಲ್ಲಿ ವಿಮಾನ ನೆಲ ಬಿಟ್ಟಿತು. ಪೈಲಟ್ ಚಕ್ರ ಮೇಲೆತ್ತುವ ಸ್ವಿಚ್ ಒತ್ತಿದ. ಚಕ್ರ ಎತ್ತುವ ಪಂಪಿನ ಮೋಟರ್ ಶುರುವಾಯಿತು, ವೋಲ್ಟೇಜ್ ಕುಸಿಯಿತು. ಕ್ಷಣಮಾತ್ರ. ಮನೆಯ ಬಲ್ಬ್ ಆಗಿದ್ದರೆ ಮಂಕಾಗಿ ಮತ್ತೆ ಉರಿಯುತ್ತಿತ್ತು. ಕಂಪ್ಯೂಟರ್ ಹಾಗಲ್ಲ, ಅದು ರೀಸ್ಟಾರ್ಟ್ ಆಗುತ್ತದೆ. ಎರಡೂ ಇಂಜಿನ್ನುಗಳ ಪೆಟ್ಟಿಗೆಗಳು ರೀಸೆಟ್ ಆದವು. ಎರಡೂ ಇಂಜಿನ್ ನಿಂತವು. ಎರಡೂ ಪ್ರೊಪೆಲ್ಲರ್‌ಗಳ ಅಲಗು ಗಾಳಿಗೆ ಅಂಚು ಕೊಟ್ಟು ತಿರುಗಿ ಸುಮ್ಮನಾದವು. ಒಂದು ಹೋದರೆ ಇನ್ನೊಂದು ಇರಲಿ ಅಂತ ಎರಡು ಇಂಜಿನ್ ಇಟ್ಟಿದ್ದು. ಎರಡಕ್ಕೂ ಹಾಲು ಕೊಟ್ಟಿದ್ದು ಒಂದೇ ಹಸು.

ಪೈಲಟ್ ನೇರವಾಗಿ ಮುಂದೆ, ಏರ್‌ಫೀಲ್ಡ್ ದಾಟಿ, ಹೊಲದಲ್ಲಿ ಇಳಿಸಿದ. ವಿಮಾನ ಜಖಂ ಆಯಿತು, ಜನ ಉಳಿದರು. ಆಮೇಲೆ ಆ ಪೆಟ್ಟಿಗೆಗಳಿಗೆಂದೇ ಪ್ರತ್ಯೇಕ ಬ್ಯಾಟರಿ ಜೋಡಿಸುವ ಆದೇಶ ಬಂತು. ನನಗೆ ಈ ಘಟನೆಯಲ್ಲಿ ಎಂಜಿನಿಯರಿಂಗಿಗಿಂತ ಜಾಸ್ತಿ ಕಾಡುವುದು ಆ ದಿನದ ಬ್ಯಾಟರಿ. ಇಳಿದ ಬ್ಯಾಟರಿಯನ್ನು ಬದಿಗೆ ಕೂರಿಸಿ ಚಾರ್ಜ್ ಮಾಡುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಕೇಬಲ್ ಹಾಕಿದರೆ ಇಂಜಿನ್ ಹತ್ತುತ್ತದೆ, ಹತ್ತಿದ ಮೇಲೆ ಆಲ್ಟರ್ನೇಟರ್ ನೋಡಿಕೊಳ್ಳುತ್ತದೆ ಅನ್ನುವ ಧೈರ್ಯ. ಮ್ಯಾಗ್ನೆಟೋ ಇಂಜಿನ್ನಿನ ವಿಮಾನದಲ್ಲೂ ಬ್ಯಾಟರಿ ಪೂರ್ತಿ ಸತ್ತಿದ್ದರೆ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ಇಂಜಿನ್ ಹತ್ತಿಸಿದರೂ, ಪ್ರೈಮಿಂಗ್ ಕರೆಂಟ್ ಸಿಗದೆ ಆಲ್ಟರ್ನೇಟರ್ ಹುಟ್ಟುವುದೇ ಇಲ್ಲ.

ಹೊಸ 172ಗಳಲ್ಲೂ ಮೀಟರುಗಳ ಜಾಗದಲ್ಲಿ ಎರಡು ದೊಡ್ಡ ಪರದೆ ಬಂದಿವೆ. ಇಂಜಿನ್ ಮಾತ್ರ ಹಳೆಯ ಮ್ಯಾಗ್ನೆಟೋದ್ದೇ. ಪರದೆಗೆ ಕರೆಂಟ್ ಬೇಕೇ ಬೇಕು. ಅದಕ್ಕೇ ಕನಿಷ್ಠ 30 ನಿಮಿಷ ನಡೆಸುವ ಸ್ಟ್ಯಾಂಡ್‌ಬೈ ಬ್ಯಾಟರಿ ಒಂದನ್ನು ಬೇರೆಯಾಗಿ ಇಟ್ಟಿದ್ದಾರೆ. ಹಲವುಗಳಲ್ಲಿ ಜೊತೆಗೆ ಹಳೆಯ ಮುಳ್ಳಿನ ಮೀಟರುಗಳೂ ಮೂರ್ನಾಲ್ಕು ಇವೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಅದೇ ವಿಮಾನದಲ್ಲಿ ಹಾರಬಹುದಾ? ನೀವು ಕೇಳಿದ್ದರಲ್ಲಿ ನನ್ನ ಕೆಲಸಕ್ಕೆ ಸೇರಿದ್ದು ಇದೇ.

ಒಮ್ಮೆ ನನ್ನ ಹತ್ತಿರ ಹೀಗೇ ಒಂದು ತರಬೇತಿ ವಿಮಾನ ಬಂತು. ಗಾಳಿಯಲ್ಲಿ ದೀಪ ಹತ್ತುತ್ತದೆ, ಇಳಿದ ಮೇಲೆ ಆರಿಹೋಗುತ್ತದೆ. ನನಗಿಂತ ಮುಂಚೆ ನೋಡಿದವರು ನೆಲದ ಮೇಲೆ ಓಡಿಸಿ, ದೀಪ ಹತ್ತಲಿಲ್ಲ, ಸರಿ ಇದೆ ಅಂತ ಎರಡು ಸಲ ಬರೆದು ಕಳಿಸಿದ್ದರು. ಬೆಲ್ಟ್ ನೋಡಿದೆ, ಬಿಗಿ ಇತ್ತು. ಬೆಲ್ಟ್ ಬದಲಿಸಬೇಕಾಗಿದ್ದಿದ್ದರೆ ಪ್ರೊಪೆಲ್ಲರನ್ನೇ ಬಿಚ್ಚಬೇಕಿತ್ತು, ಅದರ ಹಿಂದೆ ಕೂತಿರುತ್ತದೆ ಅದು. ಆಲ್ಟರ್ನೇಟರ್ ಟರ್ಮಿನಲ್ಲಿಗೆ ಮೀಟರ್ ಇಟ್ಟೆ, ಎಲ್ಲ ಸರಿ. ಕೊನೆಗೆ ಬೇಜಾರಾಗಿ ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಸುಮ್ಮನೆ ಅಲ್ಲಾಡಿಸುತ್ತಾ ಹೋದೆ. ಫೀಲ್ಡ್ ಸುರುಳಿಗೆ ಹೋಗುವ ವೈರಿನ ತುದಿಯ ಲೋಹದ ಕೊಂಡಿ, ಅಂದರೆ ಲಗ್ ಹತ್ತಿರ ಕೈ ಬಂದಾಗ ಮೀಟರಿನ ಅಂಕಿ ಜಿಗಿಯಿತು. ಸ್ಲೀವ್ ಸರಿಸಿ ನೋಡಿದರೆ, ಲಗ್ಗಿನ ಕುತ್ತಿಗೆಯಲ್ಲಿ ವೈರಿನ ಎಳೆಗಳೆಲ್ಲ ಮುರಿದು ಎರಡೇ ಎಳೆ ಉಳಿದಿದ್ದವು. ನೆಲದ ಮೇಲೆ ಅವೆರಡು ಲಗ್ಗನ್ನು ಮುಟ್ಟಿಕೊಂಡಿರುತ್ತಿದ್ದವು. ಹಾರುವಾಗಿನ ನಡುಕಕ್ಕೆ ಬಿಟ್ಟುಕೊಳ್ಳುತ್ತಿದ್ದವು. ಬದಲಿಸಿದ ಲಗ್ಗಿನ ಬೆಲೆ ಒಂದು ಕಾಫಿಯಷ್ಟೂ ಇರಲಿಲ್ಲ.

ಅದರಲ್ಲಿ ಯಾರಿಗೂ ಏನೂ ಆಗಲಿಲ್ಲ. ಬರೆದಿಟ್ಟ ದೋಷವನ್ನು ಹಾಗೇ ಬಿಟ್ಟು ಹಾರಿದರೆ ಯಾವಾಗಲೂ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಅದೇ 2007ರ ಜುಲೈನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಎರಡು ಇಂಜಿನ್ನಿನ ಒಂದು ಸೆಸ್ನಾ 310 ಹಾರುತ್ತಿತ್ತು. ಹಿಂದಿನ ದಿನ ಅದನ್ನು ಹಾರಿಸಿದ್ದ ಪೈಲಟ್ಟಿಗೆ ಹವಾಮಾನ ರಡಾರ್ ಆರಿ, ಸುಟ್ಟ ವಾಸನೆ ಬಂದಿತ್ತು. ಅವನು ರಡಾರಿನ ಸರ್ಕ್ಯೂಟ್ ಬ್ರೇಕರ್ ಎಳೆದ, ವಾಸನೆ ನಿಂತಿತು. ಇಳಿದು ಬಂದು ಎಲ್ಲವನ್ನೂ ಬರೆದಿಟ್ಟ. ಯಾರೂ ಬಿಚ್ಚಿ ನೋಡಲಿಲ್ಲ. ಮರುದಿನ ವಿಮಾನ ಮತ್ತೆ ಹೊರಟಿತು. ಬ್ರೇಕರನ್ನು ಯಾರೋ ಮತ್ತೆ ಒಳಗೆ ಒತ್ತಿರಬೇಕು ಅನ್ನುವುದು ತನಿಖೆಯ ಅಂದಾಜು. ಗಾಳಿಯಲ್ಲಿ ಕಾಕ್‌ಪಿಟ್ ತುಂಬ ಹೊಗೆ. ಸ್ಯಾನ್‌ಫೋರ್ಡ್ ವಿಮಾನ ನಿಲ್ದಾಣ ಹತ್ತಿರವೇ ಇತ್ತು, ಅಲ್ಲಿಗೆ ತಲುಪಲಾಗಲಿಲ್ಲ. ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಇಬ್ಬರು, ನೆಲದ ಮೇಲಿದ್ದ ಮೂವರು ಸತ್ತರು.

ಹಾಗಾಗಿ ಮಗನಿಗೆ ಹೇಳಿ, ವಾಸನೆ ಬಂದರೆ ನಾನು ಮೇಲೆ ಬರೆದ ಬ್ಯಾಟರಿ ಲೆಕ್ಕವೆಲ್ಲ ಮರೆತುಬಿಡಲಿ. ಮಾಸ್ಟರ್ ಆಫ್, ನೆಲ ಹುಡುಕು. ತಾನಾಗಿ ಹಾರಿದ ಬ್ರೇಕರನ್ನು ಮತ್ತೆ ಮತ್ತೆ ಒತ್ತುವುದು ಬೇಡ. ಮನೆಯ ಫ್ಯೂಸ್ ಹೋದಾಗ ದಪ್ಪ ತಂತಿ ಕಟ್ಟಿದ ಹಾಗೆ ಅದು.

ಮತ್ತೆ ಆ ವಿಮಾನ ಹತ್ತುವ ಮುಂಚೆ ಟೆಕ್ ಲಾಗ್, ಅಂದರೆ ವಿಮಾನದ ದೋಷ, ರಿಪೇರಿ ಬರೆದಿಡುವ ಪುಸ್ತಕ, ತೆರೆದು ನೋಡಲಿ. ಅವನು ಬರೆದ ದೋಷದ ಎದುರಿನ ಕಾಲಂನಲ್ಲಿ ಏನು ಬರೆದಿದ್ದಾರೆ? ಆಲ್ಟರ್ನೇಟರ್ ಬದಲಿಸಿದೆ, ಬೆಲ್ಟ್ ಬದಲಿಸಿದೆ, ಇಂಥ ವೈರ್ ಸರಿಮಾಡಿದೆ ಅಂತ ಇದ್ದರೆ ಧೈರ್ಯವಾಗಿ ಹೋಗಲಿ. "ನೆಲದ ಮೇಲೆ ಓಡಿಸಿ ನೋಡಲಾಯಿತು, ಸರಿ ಇದೆ" ಅಂತ ಮಾತ್ರ ಇದ್ದರೆ, ಹ್ಯಾಂಗರಿಗೆ ಹೋಗಿ, ಯಾರು ಸಹಿ ಹಾಕಿದ್ದಾರೋ ಅವರನ್ನೇ ವಿನಯವಾಗಿ ಕೇಳಲಿ: "ಸರ್, ವೈರ್ ಅಲ್ಲಾಡಿಸಿ ನೋಡಿದ್ರಾ?"